ಅಮೆರಿಕದ ರಾಜಕೀಯ: 1964ರಿಂದ ಈಚೆಗೆ

1964ರ ಜೂನ್ 10ರಂದು ಕ್ಯಾಲಿಫೋರ್ನಿಯಾದ ಸದಸ್ಯ ಕ್ಲೇರ್ ಎಂಗಲ್ ಗಾಲಿಕುರ್ಚಿಯಲ್ಲಿ ಅಮೆರಿಕದ ಸೆನೆಟ್ಟಿಗೆ ಬಂದರು. ಮಿದುಳಿನ ಗಡ್ಡೆಯಿಂದಾಗಿ ಅವರ ಮಾತು ನಿಂತುಹೋಗಿತ್ತು. ಹೆಸರು ಕೂಗಿದಾಗ ಕಷ್ಟಪಟ್ಟು ಕೈಯೆತ್ತಿ ಕಣ್ಣನ್ನು ತೋರಿಸಿದರು. ಸೆನೆಟ್ಟಿನಲ್ಲಿ ಒಪ್ಪಿಗೆ ಸೂಚಿಸಲು ಹೇಳುವ ಮಾತಿಗೂ ಕಣ್ಣಿನ ಇಂಗ್ಲಿಷ್ ಹೆಸರಿಗೂ ಉಚ್ಚಾರ ಒಂದೇ. ಆ ಸನ್ನೆ ಮತವಾಗಿ ದಾಖಲಾಯಿತು. ನಾಗರಿಕ ಹಕ್ಕುಗಳ ಮಸೂದೆಯನ್ನು ಚರ್ಚೆಯ ಹೆಸರಿನಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ತಡೆದಿದ್ದ ದಕ್ಷಿಣದ ಸದಸ್ಯರ ಪಟ್ಟು ಅಂದು 71–29 ಮತಗಳಿಂದ ಮುರಿಯಿತು. ಮುಂದಿನ ತಿಂಗಳು ಎಂಗಲ್ ತೀರಿಕೊಂಡರು.

ಆ ಮತಗಳನ್ನು ಪಕ್ಷವಾರು ಬಿಡಿಸಿ ನೋಡಿದರೆ ಅಂದಿನ ಅಮೆರಿಕ ಎಷ್ಟು ಬೇರೆಯಾಗಿತ್ತು ಎಂಬುದು ತಿಳಿಯುತ್ತದೆ. ಪರವಾಗಿ ಬಂದ 71 ಮತಗಳಲ್ಲಿ 44 ಡೆಮಾಕ್ರಟಿಕ್ ಪಕ್ಷದವು, 27 ರಿಪಬ್ಲಿಕನ್ ಪಕ್ಷದವು. ವಿರೋಧಿಸಿದ 29 ಮಂದಿಯಲ್ಲಿ 23 ಜನ ಡೆಮಾಕ್ರಟರೇ. ಅಧ್ಯಕ್ಷ ಲಿಂಡನ್ ಜಾನ್ಸನ್ ಡೆಮಾಕ್ರಟ್. ಅವರ ಮಸೂದೆಗೆ ಅವರ ಪಕ್ಷದ ದಕ್ಷಿಣದವರೇ ಅಡ್ಡ ನಿಂತಿದ್ದರು, ಎದುರು ಪಕ್ಷದ ನಾಯಕ ಎವರೆಟ್ ಡರ್ಕ್ಸನ್ ಕೈಹಿಡಿದರು. ಎರಡೂ ಪಕ್ಷಗಳಲ್ಲಿ ಉದಾರವಾದಿಗಳಿದ್ದರು, ಸಂಪ್ರದಾಯವಾದಿಗಳೂ ಇದ್ದರು. ಹಾಗಾಗಿ ಯಾವ ದೊಡ್ಡ ಕೆಲಸಕ್ಕೂ ಪಕ್ಷದ ಗೆರೆ ದಾಟಿ ಹೊಂದಾಣಿಕೆ ಮಾಡಿಕೊಳ್ಳಲೇಬೇಕಿತ್ತು. ಮುಂದಿನ ಅರುವತ್ತು ವರ್ಷಗಳಲ್ಲಿ ಈ ಬೆರಕೆ ಪಕ್ಷಗಳು ಕರಗಿ, ಒಂದೊಂದು ಪಕ್ಷವೂ ಒಂದೊಂದು ಬಗೆಯ ಜನರ, ಪ್ರದೇಶದ, ನಂಬಿಕೆಯ ಗುಂಪಾಗಿ ಗಟ್ಟಿಯಾಯಿತು. ಸಂವಿಧಾನ ಮಾತ್ರ ಹಳೆಯದೇ ಉಳಿಯಿತು, ಅದು ನಡೆಯಲು ಹೊಂದಾಣಿಕೆ ಬೇಕೇ ಬೇಕು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇಂದಿನವರೆಗಿನ ಅಮೆರಿಕದ ರಾಜಕೀಯ ಕಥೆಯ ಬಹುಪಾಲು ಈ ತಿಕ್ಕಾಟದ ಕಥೆ.

ಜಾನ್ಸನ್ 1964ರ ಜುಲೈ 2ರಂದು ಕಾಯ್ದೆಗೆ ಸಹಿ ಹಾಕಿದರು. ಹೋಟೆಲು, ಚಿತ್ರಮಂದಿರ, ಉದ್ಯೋಗಗಳಲ್ಲಿ ವರ್ಣಭೇದ ಕಾನೂನುಬಾಹಿರವಾಯಿತು. ನವೆಂಬರಿನ ಚುನಾವಣೆಯಲ್ಲಿ ಅವರು ಶೇ. 61 ಮತ ಪಡೆದು ಗೆದ್ದರು. ಆದರೆ ಕಾಯ್ದೆಯ ವಿರುದ್ಧ ಮತ ಹಾಕಿದ್ದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್, ಸ್ವಂತ ರಾಜ್ಯ ಅರಿಜೋನಾದ ಜೊತೆಗೆ ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ದಕ್ಷಿಣ ಕೆರೊಲಿನಾಗಳನ್ನು ಗೆದ್ದುಕೊಂಡರು. ಅಂತರ್ಯುದ್ಧದ ಕಾಲದಿಂದ ಲಿಂಕನ್ನರ ಪಕ್ಷವೆಂದರೆ ಮುಖ ತಿರುಗಿಸುತ್ತಿದ್ದ ಮಿಸಿಸಿಪ್ಪಿಯಲ್ಲಿ ಅವರಿಗೆ ಬಿದ್ದದ್ದು ಶೇ. 87 ಮತ. ಆ ರಾಜ್ಯದ ಬಹುತೇಕ ಕಪ್ಪು ಜನರಿಗೆ ಆಗ ಮತವೇ ಇರಲಿಲ್ಲ ಎಂಬುದನ್ನು ಮರೆಯದೆ ಈ ಸಂಖ್ಯೆಯನ್ನು ಓದಬೇಕು.

ಆ ಮತವನ್ನು ತಂದುಕೊಟ್ಟದ್ದು ಅಲಬಾಮಾದ ಸೆಲ್ಮಾ ಪಟ್ಟಣ. 1965ರ ಮಾರ್ಚ್ 7ರಂದು ಸುಮಾರು 600 ಜನ ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಮೆರವಣಿಗೆ ಹೊರಟರು. ಆ ಸೇತುವೆಗೆ ಇಟ್ಟಿರುವುದು ಗುಲಾಮಗಿರಿಯ ಪರ ಹೋರಾಡಿದ ಸೇನಾಧಿಕಾರಿಯೊಬ್ಬನ ಹೆಸರು. ಸೇತುವೆ ಇಳಿಯುವಲ್ಲಿ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳೊಂದಿಗೆ ಮೇಲೆ ಬಿದ್ದರು. ಮುಂಚೂಣಿಯಲ್ಲಿದ್ದ 25 ವರ್ಷದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಆ ರಾತ್ರಿ ದೇಶದ ಮನೆಮನೆಯ ಟಿವಿಯಲ್ಲಿ ಈ ದೃಶ್ಯ ಕಂಡಿತು. ಐದು ತಿಂಗಳಲ್ಲಿ, ಆಗಸ್ಟ್ 6ರಂದು, ಮತದಾನ ಹಕ್ಕುಗಳ ಕಾಯ್ದೆ ಬಂತು. ಕಪ್ಪು ಜನರನ್ನು ಹೊರಗಿಡಲು ದಕ್ಷಿಣದ ರಾಜ್ಯಗಳು ಬಳಸುತ್ತಿದ್ದ ಅಕ್ಷರ ಪರೀಕ್ಷೆಗಳು ರದ್ದಾದವು. ಅನ್ಯಾಯದ ಇತಿಹಾಸವಿದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸಲು ಕೇಂದ್ರದ ಪೂರ್ವಾನುಮತಿ ಪಡೆಯಬೇಕಾಯಿತು. ಮಿಸಿಸಿಪ್ಪಿಯಲ್ಲಿ ಅರ್ಹ ಕಪ್ಪು ಜನರಲ್ಲಿ ಶೇ. 7ಕ್ಕಿಂತ ಕಡಿಮೆ ಇದ್ದ ಮತದಾರರ ನೋಂದಣಿ ಎರಡೇ ವರ್ಷದಲ್ಲಿ ಶೇ. 60ರ ಹತ್ತಿರ ಬಂತು. ಅಮೆರಿಕ ಪೂರ್ಣ ಅರ್ಥದ ಪ್ರಜಾಪ್ರಭುತ್ವವಾದದ್ದು ಈ ವರ್ಷದಿಂದ ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಅದೇ 1965ರ ಅಕ್ಟೋಬರ್ 3ರಂದು ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ವಲಸೆ ಕಾಯ್ದೆಗೂ ಸಹಿ ಹಾಕಿದರು. ಅದುವರೆಗೆ ಭಾರತಕ್ಕೆ ವರ್ಷಕ್ಕೆ ಸುಮಾರು ನೂರು ಜನರ ಕೋಟಾ ಮಾತ್ರ ಇತ್ತು. ಹುಟ್ಟಿದ ದೇಶ ನೋಡಿ ಬಾಗಿಲು ಮುಚ್ಚುವ ಆ ಪದ್ಧತಿ ಹೋಯಿತು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 1979ರಲ್ಲಿ ಓದಲು ಹೋದದ್ದು ಹೀಗೆ ತೆರೆದ ಬಾಗಿಲಿನಿಂದಲೇ. 2022ರಲ್ಲಿ ಅವರು ಮಿಷಿಗನ್‌ನ ಡೆಟ್ರಾಯಿಟ್ ಭಾಗದಿಂದ ಪ್ರತಿನಿಧಿ ಸಭೆಗೆ ಆರಿಸಿಬಂದರು. ಅಮೆರಿಕದ ಮತದಾರರ ಮುಖಚಹರೆಯನ್ನು ಈ ಕಾಯ್ದೆಯಷ್ಟು ಬದಲಿಸಿದ್ದು ಬೇರೊಂದಿಲ್ಲ. ಮುಂದೆ ವಲಸೆಯೇ ರಾಜಕೀಯದ ಅತಿ ಬಿಸಿ ವಿಷಯವಾದದ್ದಕ್ಕೂ ಬೇರು ಇಲ್ಲಿಯೇ ಇದೆ.

1968 ಆ ದೇಶಕ್ಕೆ ಕೆಟ್ಟ ವರ್ಷ. ವಿಯೆಟ್ನಾಂ ಯುದ್ಧದಿಂದ ಹೈರಾಣಾದ ಜಾನ್ಸನ್ ಮಾರ್ಚ್ ಕೊನೆಯಲ್ಲಿ ಕಣದಿಂದ ಹಿಂದೆ ಸರಿದರು. ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ನಡೆಯುತ್ತಿದ್ದಾಗ ಹೊರಗೆ ಪೊಲೀಸರು ಯುವಕರನ್ನು ಬಡಿಯುತ್ತಿದ್ದರು. ಒಂದೇ ಒಂದು ಪ್ರಾಥಮಿಕ ಚುನಾವಣೆಗೂ ನಿಲ್ಲದ ಹ್ಯೂಬರ್ಟ್ ಹಂಫ್ರಿಗೆ ಪಕ್ಷದ ಹಿರಿಯರು ಟಿಕೆಟ್ ಕೊಟ್ಟರು. ಇದರಿಂದ ಎದ್ದ ಸಿಟ್ಟಿಗೆ ನಿಯಮಗಳೇ ಬದಲಾಗಿ, 1972ರಿಂದ ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಪ್ರಾಥಮಿಕ ಚುನಾವಣೆಯ ಮತದಾರರಿಗೆ ಹೋಯಿತು. ಸುಧಾರಣೆ ಒಳ್ಳೆಯದೇ. ಆದರೆ ಇಂಥ ಚುನಾವಣೆಗೆ ಬರುವವರು ಕಡಿಮೆ, ಬಂದವರಲ್ಲಿ ಕಟ್ಟಾ ಬೆಂಬಲಿಗರು ಹೆಚ್ಚು. ಅಭ್ಯರ್ಥಿಗಳು ಮೊದಲು ಅವರನ್ನು ಮೆಚ್ಚಿಸಬೇಕಾಯಿತು. ಪಕ್ಷಗಳು ಅಂಚಿಗೆ ಸರಿಯಲು ಇದೂ ಒಂದು ದಾರಿಯಾಯಿತು.

ಆ ವರ್ಷ ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್ ಒಂದು ಶೇಕಡಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ವರ್ಣಭೇದದ ಪರವಾಗಿ ಎರಡೂ ದೊಡ್ಡ ಪಕ್ಷಗಳ ಹೊರಗೆ ನಿಂತ ಅಲಬಾಮಾದ ಜಾರ್ಜ್ ವಾಲೆಸ್ ಶೇ. 13.5 ಮತ ಪಡೆದು ಐದು ರಾಜ್ಯ ಗೆದ್ದರು. ವಾಲೆಸ್ ಮತದಾರರನ್ನು ತಮ್ಮ ಪಕ್ಷಕ್ಕೆ ಸೆಳೆಯುವುದೇ ನಿಕ್ಸನ್‌ರ ಲೆಕ್ಕಾಚಾರವಾಯಿತು. 1972ರಲ್ಲಿ ಅವರು 49 ರಾಜ್ಯಗಳನ್ನು ಬಾಚಿಕೊಂಡರು. ಚೀನಾದ ಬಾಗಿಲು ತೆರೆದವರು, ಪರಿಸರ ಸಂರಕ್ಷಣಾ ಸಂಸ್ಥೆ ಕಟ್ಟಿದವರು ಇದೇ ನಿಕ್ಸನ್. 1971ರಲ್ಲಿ ಬಾಂಗ್ಲಾ ಯುದ್ಧದ ವೇಳೆ ಬಂಗಾಳ ಕೊಲ್ಲಿಯತ್ತ ಯುದ್ಧನೌಕೆ ಕಳಿಸಿದವರೂ ಅವರೇ ಎಂಬುದು ಭಾರತೀಯರ ನೆನಪಿನಲ್ಲಿದೆ.

ಅವರನ್ನು ಕೆಡವಿದ ಪ್ರಕರಣ ಶುರುವಾದದ್ದು ಒಂದು ತುಂಡು ಅಂಟುಪಟ್ಟಿಯಿಂದ. 1972ರ ಜೂನ್ 17ರ ನಡುರಾತ್ರಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದ ಕಾವಲುಗಾರ ಫ್ರಾಂಕ್ ವಿಲ್ಸ್, ನೆಲಮಾಳಿಗೆಯ ಬಾಗಿಲಿನ ಚಿಲಕ ಬೀಳದಂತೆ ಯಾರೋ ಟೇಪು ಅಂಟಿಸಿದ್ದನ್ನು ಕಂಡು ಕಿತ್ತುಹಾಕಿದರು. ಮುಂದಿನ ಸುತ್ತಿನಲ್ಲಿ ಬಂದಾಗ ಮತ್ತೆ ಟೇಪು ಇತ್ತು. ಪೊಲೀಸರಿಗೆ ಫೋನ್ ಮಾಡಿದರು. ಡೆಮಾಕ್ರಟಿಕ್ ಪಕ್ಷದ ಕಚೇರಿಯಲ್ಲಿ ಐವರು ಸಿಕ್ಕಿಬಿದ್ದರು. ಜಾಡು ಶ್ವೇತಭವನಕ್ಕೆ ಹೋಯಿತು. ನಿಕ್ಸನ್ ತಮ್ಮ ಕೋಣೆಯ ಮಾತುಗಳನ್ನೆಲ್ಲ ಗುಟ್ಟಾಗಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು ಎಂಬುದು 1973ರ ಜುಲೈನಲ್ಲಿ ಬಯಲಾಯಿತು. ಆ ಧ್ವನಿಮುದ್ರಿಕೆಗಳನ್ನು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ 8–0 ತೀರ್ಪು ಕೊಟ್ಟಿತು. ತೀರ್ಪು ಕೊಟ್ಟವರಲ್ಲಿ ಮೂವರು ನಿಕ್ಸನ್ನರೇ ನೇಮಿಸಿದವರು. ಸ್ವಂತ ಪಕ್ಷದ ಸೆನೆಟರುಗಳೇ ಶ್ವೇತಭವನಕ್ಕೆ ಹೋಗಿ ಬೆಂಬಲ ಉಳಿದಿಲ್ಲವೆಂದು ತಿಳಿಸಿದರು. ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ಜಾರಿಗೆ ಬಂತು. ಅಧ್ಯಕ್ಷನಿಗಿಂತ ಕಾನೂನು ದೊಡ್ಡದು ಎಂದು ಎರಡೂ ಪಕ್ಷಗಳು ಒಟ್ಟಿಗೆ ನಿಂತು ಹೇಳಿದ ಆ ಬೇಸಿಗೆ ಅಮೆರಿಕದ ಸಂಸ್ಥೆಗಳ ಅತ್ಯುತ್ತಮ ಗಳಿಗೆ. ಜನರ ವಿಶ್ವಾಸಕ್ಕೆ ಆದ ಪೆಟ್ಟು ಮಾತ್ರ ಮಾಯಲಿಲ್ಲ. 1964ರಲ್ಲಿ ಸರ್ಕಾರದ ಮೇಲೆ ನಂಬಿಕೆಯಿದೆ ಎಂದವರು ಶೇ. 77, ಹತ್ತು ವರ್ಷದ ನಂತರ ಶೇ. 36.

ನಂತರ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್, ಜಿಮ್ಮಿ ಕಾರ್ಟರ್ ಇಬ್ಬರದೂ ಗಾಯ ಆರಿಸುವ ಕಾಲ. ತೈಲ ಬೆಲೆ, ಹಣದುಬ್ಬರ, ಟೆಹರಾನಿನಲ್ಲಿ 444 ದಿನ ಒತ್ತೆಯಾಳಾಗಿದ್ದ 52 ಜನ ಇವೆಲ್ಲ ಕಾರ್ಟರ್ ಅವರನ್ನು ಮುಳುಗಿಸಿದವು.

1980ರಲ್ಲಿ 44 ರಾಜ್ಯ ಗೆದ್ದು ಬಂದ ರೊನಾಲ್ಡ್ ರೇಗನ್ ಹೊಸ ಯುಗವನ್ನೇ ತಂದರು. ಆದಾಯ ತೆರಿಗೆಯ ಗರಿಷ್ಠ ದರ ಶೇ. 70ರಿಂದ, ಅವರು ಹೋಗುವ ಹೊತ್ತಿಗೆ, ಶೇ. 28ಕ್ಕೆ ಇಳಿದಿತ್ತು, ರಾಷ್ಟ್ರದ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರಲ್ಲಿ 11 ಸಾವಿರಕ್ಕೂ ಹೆಚ್ಚು ಮಂದಿಯನ್ನು ಅವರು ಕೆಲಸದಿಂದ ವಜಾ ಮಾಡಿದರು. ಖಾಸಗಿ ಮಾಲೀಕರಿಗೂ ಅದು ಧೈರ್ಯ ಕೊಟ್ಟಿತು. 1983ರಲ್ಲಿ ಶೇ. 20ರಷ್ಟಿದ್ದ ಕಾರ್ಮಿಕ ಸಂಘಗಳ ಸದಸ್ಯತ್ವ 2024ಕ್ಕೆ ಶೇ. 10ಕ್ಕಿಂತ ಕೆಳಗಿಳಿದಿತ್ತು. ಕಾರ್ಮಿಕ ಸಂಘಗಳೇ ಡೆಮಾಕ್ರಟಿಕ್ ಪಕ್ಷದ ಬೆನ್ನೆಲುಬಾಗಿದ್ದವು ಎಂಬುದನ್ನು ನೆನೆದರೆ ಆ ಒಂದು ವಜಾ ಆದೇಶದ ತೂಕ ತಿಳಿಯುತ್ತದೆ. ಇತ್ತ ಗರ್ಭಪಾತ ವಿರೋಧದ ಸುತ್ತ ಸಂಘಟಿತರಾದ ಕ್ರೈಸ್ತ ಸಂಪ್ರದಾಯವಾದಿಗಳು ರಿಪಬ್ಲಿಕನ್ ಪಕ್ಷದ ಹೊಸ ಕಾಲಾಳುಗಳಾದರು.

ಈ ಪಲ್ಲಟವನ್ನು ಹತ್ತಿರದಿಂದ ಕಾಣಬೇಕಿದ್ದರೆ ಡೆಟ್ರಾಯಿಟ್ ಪಕ್ಕದ ಮಕೋಂಬ್ ಕೌಂಟಿಗೆ ಹೋಗಬೇಕು. ಕಾರು ಕಾರ್ಖಾನೆಯ ಬಿಳಿಯ ಕಾರ್ಮಿಕರ ಊರುಗಳವು. 1960ರಲ್ಲಿ ಜಾನ್ ಕೆನಡಿಗೆ ಅಲ್ಲಿ ಶೇ. 63 ಮತ, 1984ರಲ್ಲಿ ರೇಗನ್‌ಗೆ ಮೂರನೇ ಎರಡು ಪಾಲು. ಕಾರ್ಮಿಕರ ಪಕ್ಷ ತಮ್ಮನ್ನು ಬಿಟ್ಟು ಬೇರೆಯವರ ಪಕ್ಷವಾಗಿದೆ ಎಂಬ ಭಾವನೆ ಅವರದಾಗಿತ್ತು. ಅದರಲ್ಲಿ ಜನಾಂಗದ ಅಸಹನೆಯೂ ಇತ್ತು, ಕೆಲಸ ಕಳೆದುಕೊಂಡ ನಿಜವಾದ ನೋವೂ ಇತ್ತು. ಎರಡನ್ನೂ ಒಟ್ಟಿಗೆ ನೋಡದವರಿಗೆ ಮುಂದಿನ ಅಮೆರಿಕ ಅರ್ಥವಾಗುವುದಿಲ್ಲ.

ಸಂಸತ್ತಿನ ಒಳಗಿನ ನಡವಳಿಕೆಯೂ ಇದೇ ದಶಕದಲ್ಲಿ ಬದಲಾಯಿತು. 1979ರಿಂದ ಪ್ರತಿನಿಧಿ ಸಭೆಯ ಕಲಾಪ ಟಿವಿಯಲ್ಲಿ ನೇರ ಪ್ರಸಾರವಾಗತೊಡಗಿತ್ತು. ಜಾರ್ಜಿಯಾದ ಯುವ ರಿಪಬ್ಲಿಕನ್ ನ್ಯೂಟ್ ಗಿಂಗ್ರಿಚ್ ಮತ್ತು ಸಂಗಡಿಗರು ಸಂಜೆ ಸದಸ್ಯರೆಲ್ಲ ಮನೆಗೆ ಹೋದ ಮೇಲೆ ಖಾಲಿ ಸಭಾಂಗಣದಲ್ಲಿ ನಿಂತು, ಎದುರಾಳಿಗಳು ಎದುರಿಗೇ ಕುಳಿತಿದ್ದಾರೇನೋ ಎಂಬಂತೆ ಸವಾಲೆಸೆಯುತ್ತಿದ್ದರು. ಉತ್ತರ ಕೊಡುವವರಿರುತ್ತಿರಲಿಲ್ಲ, ನೋಡುಗರಿಗೆ ಅದು ಗೊತ್ತಾಗುತ್ತಿರಲಿಲ್ಲ. 1984ರ ಮೇ ತಿಂಗಳಲ್ಲಿ ಸ್ಪೀಕರ್ ಟಿಪ್ ಓನೀಲ್ ಕ್ಯಾಮೆರಾ ತಿರುಗಿಸಿ ಖಾಲಿ ಕುರ್ಚಿಗಳನ್ನು ತೋರಿಸುವಂತೆ ಆದೇಶಿಸಿದರು. ದೊಡ್ಡ ಗಲಾಟೆಯಾಯಿತು, ಗಿಂಗ್ರಿಚ್ ಮನೆಮಾತಾದರು. 1987ರಲ್ಲಿ ಪ್ರಸಾರದಲ್ಲಿ ಎರಡೂ ಪಕ್ಷದ ವಾದಕ್ಕೆ ಜಾಗ ಕೊಡಬೇಕೆಂಬ ನಿಯಮ ರದ್ದಾಯಿತು. ಮರುವರ್ಷವೇ ರಷ್ ಲಿಂಬಾ ಅವರ ರೇಡಿಯೊ ಮಾತು ದೇಶಾದ್ಯಂತ ಕೇಳತೊಡಗಿತು. 1996ರಲ್ಲಿ ಫಾಕ್ಸ್ ನ್ಯೂಸ್ ಬಂತು. ಒಂದೇ ಸುದ್ದಿಯನ್ನು ಎಲ್ಲರೂ ನೋಡುವ ಕಾಲ ಮುಗಿಯಿತು.

1992ರಲ್ಲಿ ಕೊಲ್ಲಿ ಯುದ್ಧದ ವಿಜೇತ, ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ ಅವರನ್ನು ಡೆಮಾಕ್ರಟ್ ಬಿಲ್ ಕ್ಲಿಂಟನ್ ಶೇ. 43 ಮತದಲ್ಲೇ ಸೋಲಿಸಿದರು. ಶೇ. 19ರಷ್ಟು ಮತ ಪಡೆದ ಉದ್ಯಮಿ ರಾಸ್ ಪೆರೊಗೆ, ರಾಜ್ಯವಾರು ಲೆಕ್ಕದಲ್ಲಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತ ಒಂದೂ ಸಿಗಲಿಲ್ಲ. ಮೂರನೇ ಪಕ್ಷಕ್ಕೆ ಅಲ್ಲಿನ ಪದ್ಧತಿಯಲ್ಲಿ ಜಾಗವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕ್ಲಿಂಟನ್ ಮಧ್ಯದ ದಾರಿ ಹಿಡಿದರು. ಮೆಕ್ಸಿಕೊ, ಕೆನಡಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 1994ರ ಜನವರಿ 1ರಿಂದ ಜಾರಿಯಾಯಿತು, ಬಡವರ ನೆರವಿಗೆ 1996ರಲ್ಲಿ ಕಡಿವಾಣ ಬಿತ್ತು, ಬಜೆಟ್ಟಿನಲ್ಲಿ ಮಿಗತೆಯೂ ಬಂತು. ಆದರೂ ಹೊಂದಾಣಿಕೆಗೆ ಪ್ರತಿಫಲ ಸಿಗಲಿಲ್ಲ. 1994ರಲ್ಲಿ ಗಿಂಗ್ರಿಚ್ ನೇತೃತ್ವದ ರಿಪಬ್ಲಿಕನ್ನರು 54 ಸ್ಥಾನ ಹೆಚ್ಚಿಸಿಕೊಂಡು 40 ವರ್ಷಗಳ ನಂತರ ಪ್ರತಿನಿಧಿ ಸಭೆ ಗೆದ್ದರು. 1998ರ ಡಿಸೆಂಬರಿನಲ್ಲಿ ಕ್ಲಿಂಟನ್ ವಾಗ್ದಂಡನೆಗೆ ಗುರಿಯಾದರು. ಎರಡು ತಿಂಗಳ ನಂತರ ಸೆನೆಟ್ ಅವರನ್ನು ಖುಲಾಸೆ ಮಾಡಿತು.

2000ದ ಚುನಾವಣೆ ನಿಂತದ್ದು ಫ್ಲೋರಿಡಾದ ಮೇಲೆ. ಅಲ್ಲಿನ ಪಾಮ್ ಬೀಚ್ ಕೌಂಟಿಯ ಮತಪತ್ರ ಚಿಟ್ಟೆಯ ರೆಕ್ಕೆಯಂತೆ ಎರಡು ಪುಟಕ್ಕೆ ಬಿಚ್ಚಿಕೊಳ್ಳುತ್ತಿತ್ತು, ನಡುವೆ ಒಂದೇ ಸಾಲು ತೂತುಗಳು. ಎಡಪುಟದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಆಲ್ ಗೋರ್ ಹೆಸರು ಎರಡನೆಯದು. ಅವರ ತೂತು ಮೂರನೆಯದು. ಎರಡನೆಯ ತೂತು ಬಲಪುಟದ ಪ್ಯಾಟ್ ಬುಕ್ಯಾನನ್‌ಗೆ ಸೇರಿದ್ದು. ಯಹೂದಿ ನಿವೃತ್ತರು ತುಂಬಿದ ಆ ಕೌಂಟಿಯಲ್ಲಿ ಕಟ್ಟಾ ಬಲಪಂಥೀಯ ಬುಕ್ಯಾನನ್‌ಗೆ 3,407 ಮತ ಬಿದ್ದವು. ಅವುಗಳಲ್ಲಿ ಬಹಳಷ್ಟು ತನ್ನವಲ್ಲವೆಂದು ಅವರೇ ಹೇಳಿದರು. ಇಡೀ ಫ್ಲೋರಿಡಾದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಕಿರಿಯ ಜಾರ್ಜ್ ಬುಷ್ ಗೆದ್ದ ಅಂತರ 537. ಅರೆಬರೆ ತೂತು ಬಿದ್ದ ಮತಪತ್ರಗಳನ್ನು ಬೆಳಕಿಗೆ ಹಿಡಿದು ಎಣಿಸಿ ಮುಗಿಯುವ ಮೊದಲೇ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5–4ರಲ್ಲಿ ಮರು ಎಣಿಕೆಗೆ ತೆರೆ ಎಳೆಯಿತು. ದೇಶದಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದ ಗೋರ್ ಸೋಲೊಪ್ಪಿಕೊಂಡರು. ಅವರ ಆ ನಡೆಗೆ ಇಪ್ಪತ್ತು ವರ್ಷಗಳ ನಂತರ ಹೊಸ ಬೆಲೆ ಬಂತು.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಸ್ವಲ್ಪ ಕಾಲ ದೇಶ ಒಂದಾಯಿತು. ಯುದ್ಧಾಧಿಕಾರದ ನಿರ್ಣಯವನ್ನು ಪ್ರತಿನಿಧಿ ಸಭೆ 420–1ರಲ್ಲಿ ಒಪ್ಪಿತು. ಒಬ್ಬಂಟಿಯಾಗಿ ವಿರೋಧಿಸಿದವರು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. 2003ರಲ್ಲಿ ಇರಾಕಿನ ಮೇಲೆ ದಂಡೆತ್ತಿ ಹೋಗಲು ಕೊಟ್ಟ ಕಾರಣವಾದ ಸಮೂಹನಾಶಕ ಅಸ್ತ್ರಗಳು ಸಿಗಲೇ ಇಲ್ಲ. ಆ ಯುದ್ಧ ಮತ್ತು 2008ರ ಸೆಪ್ಟೆಂಬರಿನ ಬ್ಯಾಂಕುಗಳ ಕುಸಿತ, ಇವೆರಡೂ ಸೇರಿ ಎರಡೂ ಪಕ್ಷಗಳ ಹಿರಿಯರ ಮೇಲಿನ ಭರವಸೆಯನ್ನು ಅಳಿಸಿಹಾಕಿದವು. ಮನೆ ಕಳೆದುಕೊಂಡವರು ಲಕ್ಷಾಂತರ. ನೆರವಿಗೆಂದು ಮಂಜೂರಾದದ್ದು 70 ಸಾವಿರ ಕೋಟಿ ಡಾಲರ್, ಅದರಲ್ಲಿ ಕೊಟ್ಟ ಹಣ ಹೋದದ್ದು ಹೆಚ್ಚಾಗಿ ಬ್ಯಾಂಕುಗಳಿಗೆ.

ಕಪ್ಪು ಜನಾಂಗದ ಡೆಮಾಕ್ರಟ್ ಬರಾಕ್ ಒಬಾಮ 2008ರಲ್ಲಿ ಶೇ. 53ರಷ್ಟು ಮತದಿಂದ ಗೆದ್ದದ್ದು ಸೆಲ್ಮಾದ ಸೇತುವೆಯಿಂದ ಹೊರಟ ದಾರಿಯ ಒಂದು ದೊಡ್ಡ ಮೈಲಿಗಲ್ಲು. ಆದರೆ 2010ರ ಮಾರ್ಚ್ 23ರಂದು ಸಹಿಯಾದ ಅವರ ಆರೋಗ್ಯ ವಿಮೆ ಕಾಯ್ದೆಗೆ ಒಬ್ಬ ರಿಪಬ್ಲಿಕನ್ನನ ಮತವೂ ಸಿಗಲಿಲ್ಲ. ಅದೇ ವರ್ಷ, ಸರ್ಕಾರದ ವೆಚ್ಚ, ತೆರಿಗೆಗಳ ವಿರುದ್ಧ ಎದ್ದ ಟೀ ಪಾರ್ಟಿ ಚಳವಳಿಯ ಅಲೆಯಲ್ಲಿ ಅವರ ಪಕ್ಷ ಪ್ರತಿನಿಧಿ ಸಭೆಯ 63 ಸ್ಥಾನ ಕಳೆದುಕೊಂಡಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇಮಕದ ಅಂಕಿಗಳೂ ಬಿರುಕಿನ ಆಳವನ್ನು ಹೇಳುತ್ತವೆ. 1986ರಲ್ಲಿ ಕಟ್ಟಾ ಸಂಪ್ರದಾಯವಾದಿ ಆಂಟೊನಿನ್ ಸ್ಕಲಿಯಾ ಅವರನ್ನು ಸೆನೆಟ್ 98–0ರಲ್ಲಿ ಒಪ್ಪಿತ್ತು. 1993ರಲ್ಲಿ ಉದಾರವಾದಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಗೆ 96–3. 2016ರಲ್ಲಿ ಒಬಾಮ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರ ವಿಚಾರಣೆಯೇ ನಡೆಯಲಿಲ್ಲ. 2020ರಲ್ಲಿ ಏಮಿ ಕೋನಿ ಬ್ಯಾರೆಟ್ 52–48ರಲ್ಲಿ ಬಂದರು. ಶಾಸನ ಸಭೆ ಸ್ತಬ್ಧವಾದಷ್ಟೂ ನಿರ್ಧಾರಗಳು ನ್ಯಾಯಾಲಯಕ್ಕೂ ಅಧ್ಯಕ್ಷರ ಆದೇಶಗಳಿಗೂ ಸರಿದವು.

ಆ ನ್ಯಾಯಾಲಯವೇ 2013ರ ಜೂನ್ 25ರಂದು, ಅಲಬಾಮಾದ ಶೆಲ್ಬಿ ಕೌಂಟಿಯ ಮೊಕದ್ದಮೆಯಲ್ಲಿ, ಮತದಾನ ಹಕ್ಕುಗಳ ಕಾಯ್ದೆಯ ಪೂರ್ವಾನುಮತಿ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿತು. ಯಾವ ರಾಜ್ಯಗಳಿಗೆ ಅನುಮತಿ ಬೇಕು ಎಂಬ ಲೆಕ್ಕ ಹಳತಾಯಿತು ಎಂಬುದು ಬಹುಮತದ ವಾದ. ತೀರ್ಪು ಬಂದ ದಿನವೇ ಟೆಕ್ಸಸ್, ಅದುವರೆಗೆ ತಡೆಹಿಡಿದಿದ್ದ ಮತದಾರರ ಗುರುತಿನ ಕಾನೂನನ್ನು ಜಾರಿಗೆ ತರುವುದಾಗಿ ಘೋಷಿಸಿತು. ರೋಗ ಕಡಿಮೆಯಾಯಿತೆಂದು ಔಷಧ ನಿಲ್ಲಿಸಿದ ಈ ತೀರ್ಪು ಅರ್ಧ ಶತಮಾನದ ಗಳಿಕೆಗೆ ಬಿದ್ದ ಅತಿ ದೊಡ್ಡ ಪೆಟ್ಟು.

2016ರಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದದ್ದನ್ನು ಹಲವರು ಆಕಸ್ಮಿಕವೆಂದರು. ಮಕೋಂಬ್ ಕೌಂಟಿಯನ್ನು ನೋಡುತ್ತ ಬಂದವರಿಗೆ ಅದು ಹಾಗೆ ಕಾಣುವುದಿಲ್ಲ. 2000ದಿಂದ 2010ರೊಳಗೆ ಅಮೆರಿಕದ ಕಾರ್ಖಾನೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಕೆಲಸಗಳು ಹೋಗಿದ್ದವು. ಒಬಾಮರನ್ನು ಎರಡು ಸಲ ಗೆಲ್ಲಿಸಿದ್ದ ಮಕೋಂಬ್, ಟ್ರಂಪ್‌ಗೆ ಸುಮಾರು 48 ಸಾವಿರ ಮತಗಳ ಮುನ್ನಡೆ ಕೊಟ್ಟಿತು. ಇಡೀ ಮಿಷಿಗನ್‌ನಲ್ಲಿ ಅವರ ಅಂತರ 10,704 ಮಾತ್ರ. ಹಿಲರಿ ಕ್ಲಿಂಟನ್ ಒಟ್ಟಾರೆ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರೂ ಸೋತರು. ಆ ವರ್ಷ ಸೆನೆಟ್ ಚುನಾವಣೆ ನಡೆದ ಪ್ರತಿ ರಾಜ್ಯವೂ ಅಧ್ಯಕ್ಷ ಚುನಾವಣೆಯಲ್ಲಿ ತಾನು ಗೆಲ್ಲಿಸಿದ ಪಕ್ಷಕ್ಕೇ ಸೆನೆಟ್ ಸ್ಥಾನವನ್ನೂ ಕೊಟ್ಟಿತು. ಹಾಗೆ ಆದದ್ದು ಅದೇ ಮೊದಲು.

2020ರ ಚುನಾವಣೆ ಕೋವಿಡ್ ನಡುವೆ ನಡೆದರೂ ಅರ್ಹರಲ್ಲಿ ಸುಮಾರು ಶೇ. 66 ಜನ ಮತ ಹಾಕಿದರು. ಒಂದು ಶತಮಾನದಲ್ಲೇ ಅಷ್ಟು ಆಗಿರಲಿಲ್ಲ. ಜೋ ಬೈಡನ್ 306 ಎಲೆಕ್ಟೋರಲ್ ಮತಗಳಿಂದ ಗೆದ್ದರು. ಟ್ರಂಪ್ ಒಪ್ಪಲಿಲ್ಲ. ಜಾರ್ಜಿಯಾದಲ್ಲಿ 11,779 ಮತಗಳಿಂದ ಸೋತಿದ್ದ ಅವರು, 2021ರ ಜನವರಿ 2ರಂದು ಅಲ್ಲಿನ ಚುನಾವಣಾ ಹೊಣೆಯ ಅಧಿಕಾರಿ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ 11,780 ಮತ ಹುಡುಕಿಕೊಡಲು ಕೇಳಿದರು. ರಾಫೆನ್ಸ್‌ಪರ್ಗರ್ ರಿಪಬ್ಲಿಕನ್ನರೇ, ಟ್ರಂಪ್‌ಗೇ ಮತ ಹಾಕಿದ್ದವರು. ಲೆಕ್ಕ ಸರಿಯಿದೆ ಎಂದುಬಿಟ್ಟರು. ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿ ಅಲ್ಲಿ ನಡೆಯುತ್ತಿದ್ದ ಎಲೆಕ್ಟೋರಲ್ ಮತಗಳ ಎಣಿಕೆ ನಿಲ್ಲಿಸಿದರು. ಅದೇ ರಾತ್ರಿ ಸದಸ್ಯರು ಮರಳಿ ಬಂದು ಬೆಳಗಿನ ಜಾವದ ಹೊತ್ತಿಗೆ ಎಣಿಕೆ ಮುಗಿಸಿದರು. ಗಾಜಿನ ಚೂರುಗಳ ನಡುವೆಯೂ 147 ರಿಪಬ್ಲಿಕನ್ ಸದಸ್ಯರು ಆಕ್ಷೇಪಗಳ ಪರ ಮತ ಹಾಕಿದರು. ಈ ದಾಳಿಗಾಗಿ ನಡೆದ ವಾಗ್ದಂಡನೆಯಲ್ಲಿ ಸೆನೆಟ್ಟಿನ 57 ಸದಸ್ಯರು ಟ್ರಂಪ್ ತಪ್ಪಿತಸ್ಥರೆಂದರು, 43 ಮಂದಿ ಅಲ್ಲವೆಂದರು. ಮೂರನೇ ಎರಡು ಪಾಲು ಆಗದೆ ಅವರು ಪಾರಾದರು. 1974ರಲ್ಲಿ ನಿಕ್ಸನ್ ಪಕ್ಷದವರು ನಡೆದ ದಾರಿಯಲ್ಲಿ ಈ ಸಲ ನಡೆದವರು ಏಳೇ ರಿಪಬ್ಲಿಕನ್ ಸೆನೆಟರುಗಳು.

ಬೈಡನ್ ಕಾಲದಲ್ಲಿ ಮೂಲಸೌಕರ್ಯದ ದೊಡ್ಡ ಕಾಯ್ದೆ ಎರಡೂ ಪಕ್ಷಗಳ ಬೆಂಬಲದಿಂದ ಬಂತು. 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು, ಅದು ದೊರೆತ 49 ವರ್ಷಗಳ ನಂತರ, ಹಿಂತೆಗೆದುಕೊಂಡಿತು. ಬೆಲೆಯೇರಿಕೆ, ಮೆಕ್ಸಿಕೊ ಗಡಿಯ ವಲಸೆ, ಸ್ವಂತ ವಯಸ್ಸು ಬೈಡನ್‌ಗೆ ಮುಳುವಾದವು. 2024ರ ಜುಲೈ 21ರಂದು ಅವರು ಕಣದಿಂದ ಸರಿದರು; ಅವರ ಉಪಾಧ್ಯಕ್ಷೆ, ತಾಯಿಯ ಕಡೆಯಿಂದ ತಮಿಳುನಾಡಿನ ಮೂಲದ ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು. ನ್ಯೂಯಾರ್ಕಿನ ನ್ಯಾಯಾಲಯದಲ್ಲಿ 34 ಆರೋಪಗಳಲ್ಲಿ ದೋಷಿಯಾಗಿ, ಪೆನ್ಸಿಲ್ವೇನಿಯಾದಲ್ಲಿ ಗುಂಡೇಟಿನಿಂದ ಪಾರಾಗಿ ಬಂದ ಟ್ರಂಪ್ 312 ಎಲೆಕ್ಟೋರಲ್ ಮತ ಪಡೆದರು. ಜನರ ಮತದಲ್ಲಿ ಅಂತರ ಒಂದೂವರೆ ಶೇಕಡದಷ್ಟು ಮಾತ್ರ; 1984ರ ನಂತರ ಯಾವ ಅಭ್ಯರ್ಥಿಯೂ ಹತ್ತು ಶೇಕಡ ಅಂತರದಲ್ಲಿ ಗೆದ್ದಿಲ್ಲ. 2025ರ ಜನವರಿ 20ರಂದು, ಅಧಿಕಾರ ವಹಿಸಿದ ದಿನವೇ, ಅವರು ಜನವರಿ 6ರ ಪ್ರಕರಣದ ಸುಮಾರು 1,500 ಮಂದಿಗೆ ಕ್ಷಮಾದಾನ ನೀಡಿದರು. ಅದೇ ವರ್ಷ ಅಕ್ಟೋಬರ್ 1ರಿಂದ 43 ದಿನ ಬಜೆಟ್ ಒಪ್ಪಿಗೆಯಿಲ್ಲದೆ ಸರ್ಕಾರಿ ಕಚೇರಿಗಳು ಮುಚ್ಚಿದವು. ಅಷ್ಟು ದೀರ್ಘ ಸ್ಥಗಿತ ಆ ದೇಶ ಹಿಂದೆ ಕಂಡಿರಲಿಲ್ಲ.

ಅಮೆರಿಕದ ಸುದ್ದಿ ಓದುವವರು ಶ್ವೇತಭವನದ ಜೊತೆಗೆ ರಾಜ್ಯ ಶಾಸನ ಸಭೆಗಳ ಮೇಲೂ ಕಣ್ಣಿಡಬೇಕು, ಏಕೆಂದರೆ ಮತ ಯಾರಿಗೆ, ಎಷ್ಟು ತೂಕದ್ದು ಎಂಬುದು ಹೆಚ್ಚಾಗಿ ಅಲ್ಲೇ ತೀರ್ಮಾನವಾಗುತ್ತದೆ. ಕ್ಷೇತ್ರಗಳ ಗಡಿಯನ್ನು ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಬಳಿಕ ಬರೆಯುವುದು ರೂಢಿ. 2025ರ ಆಗಸ್ಟ್‌ನಲ್ಲಿ ಟೆಕ್ಸಸ್ ನಡುವೆಯೇ ಗಡಿ ತಿದ್ದಿ, ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ಸಿಗುವಂಥ ನಕ್ಷೆ ಮಾಡಿಕೊಂಡಿತು. ಕ್ಯಾಲಿಫೋರ್ನಿಯಾ ಅದಕ್ಕೆ ಎದುರಾಗಿ ಡೆಮಾಕ್ರಟರಿಗೆ ಐದು ಸ್ಥಾನ ಅನುಕೂಲವಾಗುವ ನಕ್ಷೆಯನ್ನು ಜನಮತಕ್ಕೆ ಹಾಕಿತು, ಮತದಾರರು ನವೆಂಬರ್ 4ರಂದು ಒಪ್ಪಿದರು. ಪ್ರತಿನಿಧಿ ಸಭೆಯ ಎಲ್ಲ 435 ಸ್ಥಾನಗಳಿಗೆ ಮುಂದಿನ ಚುನಾವಣೆಯ ದಿನ 2026ರ ನವೆಂಬರ್ 3.